ಮೊಟ್ಟೆ ಯಾರ ತಟ್ಟೆಗೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದಗಳು. ಉತ್ತರ ಬರೆಯಲು ಇಷ್ಟು ತಡವಾಯಿತೆಂದು ಮುನಿಸಿಕೊಳ್ಳಬೇಡ. ಪೆನ್ನು ಬೆರಳ ಸಂದಿಯಿಂದ ಜಾರುತ್ತದೆ; ಆಗಾಗ ಕೈ ಕೊಡವಿಕೊಂಡು ಬರೆಯಬೇಕು. ಅಕ್ಷರ ಕಾಗೆಕಾಲಿನಂತಿದ್ದರೆ ಅದಕ್ಕೇ.

ಜನವರಿಯಲ್ಲಿ ಟೈಲರ್ ಅಂಗಡಿಯಲ್ಲಿ ಕೂತು ಕೋಟಿನ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದೆ. ಸೂಜಿ ಚುಚ್ಚಿ ರಕ್ತ ಬಟ್ಟೆಗೆ ಹತ್ತಿದರೂ ನನಗೆ ಗೊತ್ತಾಗಲಿಲ್ಲ. ಬಟ್ಟೆ ಕತ್ತರಿಸುವ ದಪ್ಪಕ್ಕ ನೋಡಿ, "ಅಯ್ಯೋ, ಆ ಕೈ ನಿಂದೋ, ಪಕ್ಕದ್ಮನೆಯವ್ರದೋ?" ಎಂದು ಕೂಗಿದಳು. ಅವಳ ಕಾಟ ತಾಳಲಾರದೆ ನಿನ್ನ ಭಾವ ನನ್ನನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದರು.

"ಏನು ತಿಂತೀರಿ?" ಎಂದು ಆಕೆ ಕೇಳಿದರು.

"ನಮ್ಮನೇಲಿ ಊಟಕ್ಕೇನೂ ಕೊರತೆ ಇಲ್ಲ ಮೇಡಂ," ಎಂದರು ನಿನ್ನ ಭಾವ.

"ನಾನು ಕೇಳಿದ್ದು ಇವ್ರನ್ನ."

ಎಲ್ಲರಿಗೂ ಬಡಿಸಿದ ಮೇಲೆ ತಳದಲ್ಲಿ ಉಳಿದದ್ದು, ಇಲ್ಲದಿದ್ದರೆ ಟೀ, ಬ್ರೆಡ್ಡು ಎಂದೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ-ಹನ್ನೆರಡು ತೀರಾ ಕಡಿಮೆ, ಕಬ್ಬಿಣವೂ ಸಾಲದು. "ಇಂಜೆಕ್ಷನ್ ಕೊಡ್ತೀನಿ. ಆದ್ರೆ ತಟ್ಟೇನೂ ಬದಲಾಗ್ಬೇಕು. ದುಬಾರಿ ಡಬ್ಬಿ ಪುಡಿ ಏನೂ ಬೇಡ. ದಿನಾ ಮೊಟ್ಟೆ, ಒಂದು ಲೋಟ ಹಾಲು ಇಲ್ಲಾ ಮೊಸರು, ಬೇಳೆ, ಕಡಲೆಕಾಯಿ. ಸೊಪ್ಪಿಗೆ ನಿಂಬೆಹಣ್ಣು ಹಿಂಡ್ಕೊಳ್ಳಿ. ಅಗ್ಗದ ಸಣ್ಣ ಮೀನು ಸಿಕ್ಕಿದ್ರೆ ಬಿಡ್ಬೇಡಿ," ಎಂದರು.

ನಿನ್ನ ಭಾವನೇ ಮೊಟ್ಟೆ ತಂದರು. ನನಗೆ ಖುಷಿಯೋ ಖುಷಿ. ಆದರೆ ಮೊಟ್ಟೆ ಬಂದದ್ದೇ ತಡ, ಅವರಿಗೂ ಸುಸ್ತು ಶುರುವಾಯಿತು. "ವಯಸ್ಸಾದವ್ರಿಗೆ ಮೊದ್ಲು ಶಕ್ತಿ ಬೇಕಮ್ಮ," ಎಂದರು ಅತ್ತೆ. ನನ್ನ ಪಾಲಿಗೆ ಉಳಿದದ್ದು ಸಿಪ್ಪೆ ಸುಲಿಯುವ ಕೆಲಸ. ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತೇ ಒಂದನ್ನು ಬಾಯಿಗೆ ಹಾಕಿಕೊಂಡೆ. "ಬಡಿಸೋಕೆ ಮುಂಚೇನೇ ಬಾಯಾಡಿಸೋದಾ?" ಎಂದು ಅತ್ತೆ ಮನೆ ತುಂಬ ಕೇಳುವಂತೆ ಅಂದರು. ನಿನ್ನ ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ಉಳಿದವನ್ನು ಸುಲಿದು ಅವರ ತಟ್ಟೆಗಳಿಗೆ ಬಡಿಸಿದೆ.

ಈಗ ದಪ್ಪಕ್ಕ ಅಂಗಡಿಯ ಟೀ ಒಲೆಯಲ್ಲೇ ನನಗೆಂದು ಮೊಟ್ಟೆ ಬೇಯಿಸುತ್ತಾಳೆ, ತಿಂದು ಮುಗಿಸುವವರೆಗೆ ಪೊಲೀಸಿನ ಹಾಗೆ ಎದುರು ಕೂರುತ್ತಾಳೆ. ರಕ್ತಸಂಬಂಧಿಯಲ್ಲ, ಏನಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿದೆ, ಕಾಲು ಗಟ್ಟಿಯಾಗಿವೆ. ಬೆರಳುಗಳಿಗೆ ಮಾತ್ರ ಜೀವ ಬರಲಿಲ್ಲ. ಮೊದಲೇ ತೋರಿಸಲು ಬಂದಿದ್ದರೆ ಉಳಿಯುತ್ತಿದ್ದವಂತೆ, ಡಾಕ್ಟರಮ್ಮ ಹೇಳಿದರು. ಮಾಲೀಕರು ಸೂಜಿ ಕೆಲಸ ಬಿಡಿಸಿ, ಬಟ್ಟೆ ಮಡಿಸಿ ಕವರಿಗೆ ಹಾಕಲು ಕೂರಿಸಿದ್ದಾರೆ. ಗಿರಾಕಿಗಳು ಕಾಜಾ ನೋಡಿಯೇ ನನ್ನ ಕೈ ಗುರುತು ಹಿಡಿಯುತ್ತಿದ್ದರು.

ನರ್ಸ್ ಆದ ನಿನಗೆ ನಾನೇನು ಹೇಳುವುದು? ಡ್ಯೂಟಿಯ ಗಡಿಬಿಡಿಯಲ್ಲಿ ಬರೀ ಟೀ ಕುಡಿದು ಇರಬೇಡ. ಮಕ್ಕಳ ಜೊತೆಗೆ ನೀನೂ ತಟ್ಟೆ ಹಾಕಿಕೊಂಡು ಕೂರು. ಎಲ್ಲರೂ ನೂರು ಕಾಲ ಚೆನ್ನಾಗಿರಿ.

ನಿನ್ನ ಅಕ್ಕ

ಮರೆತಿದ್ದೆ: ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರಮ್ಮ ಕೇಳಿದಾಗ ನಿನ್ನ ಭಾವ ಹೇಳಿದರು: "ಹೋದ ವರ್ಷ ಕೈ ಜೋಮು ಅಂದಾಗ್ಲೇ ಇವಳ ತಂಗಿಗೆ ಫೋನ್ ಮಾಡಿದ್ದೆ. ನರ್ಸು ಅವಳು. 'ಅಕ್ಕ ಚಿಕ್ಕಂದಿನಿಂದ್ಲೂ ಹಾಗೇ, ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ ಆಡ್ತಾಳೆ, ತಲೆ ಕೆಡಿಸ್ಕೋಬೇಡಿ' ಅಂದ್ಲು." ಅವರು ಹೇಳಿದ್ದು ಸುಳ್ಳಾದರೆ ಒಂದು ಸಾಲು ಬರೆ, ಪುಟ್ಟಿ. ನಿಜವಾದರೆ ಬರೆಯಬೇಡ.