ಬೇರೆಯವರ ತೋಟದಲ್ಲಿ ನಮ್ಮ ಚರಗ

ಡಿಸೆಂಬರ್ 14, ಭಾನುವಾರ. ಮಸ್ಕತ್

ಆಸ್ಪತ್ರೆಯ ನರ್ಸ್ ಡ್ಯೂಟಿ ಮುಗಿಸಿ ಬಂದೆ. ಅಡುಗೆ ನನ್ನ ಪಾಳಿ — ಮತ್ತೆ ಅದೇ ಬೇಳೆ ಸಾರು. ರೂಮ್‌ಮೇಟ್ ಮೆಹಜಬೀನ, ಗಂಗಾವತಿಯವಳು, ಮುಖ ಸಿಂಡರಿಸಿದಳು. ಸಿಂಡರಿಸಲಿ.

ಬೇವೂರಿನಿಂದ ಅವ್ವನ ಫೋನು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಪ್ಪ ಇನ್ನೂ ಎದ್ದಿಲ್ಲ. ಶುಕ್ರವಾರ ಎಳ್ಳಮಾವಾಸ್ಯೆ. ಹಬ್ಬದ ಅಡುಗೆಯನ್ನು ಹೊಲದಲ್ಲಿ ಚರಗವೆಂದು ಚೆಲ್ಲಿ ಭೂಮಿತಾಯಿಗೆ ಉಣಿಸದೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಪಕ್ಕದ ಹೊಲದ ಗವಿಸಿದ್ದಪ್ಪ ತಾನು ಚೆಲ್ಲುತ್ತೇನೆ ಅಂದರೂ ಅಪ್ಪ ಒಪ್ಪಿಲ್ಲವಂತೆ.

"ನಮ್ಮ ಚರಗ ನಮ್ಮ ಕೈಲೇನ ಆಗಬೇಕು. ನೀ ಅಲ್ಲೇ ಚೆಲ್ಲು. ಭೂಮಿತಾಯಿ ಎಲ್ಲಾ ಕಡೆ ಒಬ್ಬಾಕಿನ," ಅಂದ ಅಪ್ಪ, ಅವ್ವನಿಂದ ಫೋನು ಇಸಿದುಕೊಂಡು. "ನೀ ಚೆಲ್ಲೂಮಟ ನಾ ಉಣ್ಣಂಗಿಲ್ಲ."

ಮೊಂಡ. ಶುಗರ್ ಬೇರೆ ಇದೆ.

ಡಿ. 17

ಪುಂಡಿಸೊಪ್ಪು ಸಿಕ್ಕಿತು. ಎಳ್ಳು, ಸಜ್ಜೆ ಹಿಟ್ಟು ಸಿಕ್ಕಿತು. ಹೊಲ ಎಲ್ಲಿಂದ ತರಲಿ? ಬಿಲ್ಡಿಂಗ್ ಸುತ್ತ ಬರೀ ಟೈಲ್ಸ್. ಪಾರ್ಕಿನಲ್ಲಿ ಅನ್ನ ಚೆಲ್ಲಿದರೆ ದಂಡ.

ಆಸ್ಪತ್ರೆಯ ಡ್ರೈವರ್ ನಾಸರನಿಗೆ ಮಸ್ಕತ್ ಆಚೆಯ ಬರ್ಕಾದಲ್ಲಿ ಖರ್ಜೂರದ ತೋಟ ಇದೆ. ನಾಚಿಕೆ ಬಿಟ್ಟು ಕೇಳಿದೆ. ಅನ್ನ ಚೆಲ್ಲುವುದು ಪಾಪ ಸಿಸ್ಟರ್, ಅಂದ. ಅವನದೂ ತಪ್ಪಲ್ಲ... ಮೆಹಜಬೀನಳೇ ಹಿಂದಿಯಲ್ಲಿ ತಿಳಿಸಿದಳು — ಬೆಳೆ ಹೊತ್ತ ಭೂಮಿ ಬಸುರಿ ಇದ್ದಂತೆ, ಇದು ಆಕೆಯ ಬಯಕೆ ಊಟ, ಗಂಗಾವತಿಯಲ್ಲಿ ತನ್ನಪ್ಪನೂ ಗದ್ದೆಗೆ ಚೆಲ್ಲುತ್ತಾನೆ ಅಂತ. ತಾಯಿಯನ್ನು ಕೇಳಿ ಹೇಳುತ್ತೇನೆ ಅಂದ ನಾಸರ.

ಡಿ. 19, ಶುಕ್ರವಾರ. ಬೆಳಿಗ್ಗೆ

ನಾಸರನ ಉತ್ತರ ಇಲ್ಲ. ಅಡುಗೆ ಆಯಿತು. ಹೋಳಿಗೆ ಒಡೆದವು, ಇರಲಿ. ಅಪ್ಪ ಚಹಾ ಕೂಡ ಮುಟ್ಟಿಲ್ಲವಂತೆ. ಸಿಟ್ಟೂ ಬರುತ್ತಿದೆ, ಅಳುವೂ.

ಸಂಜೆ

ಜುಮ್ಮಾ ನಮಾಜು ಮುಗಿಸಿ ನಾಸರನೇ ಕಾರು ತಂದ. ತಾಯಿ ಕರೆದುಕೊಂಡು ಬಾ ಅಂದರಂತೆ. ಅವರ ಹೊಟ್ಟೆ ತಣ್ಣಗಿರಲಿ.

ಖರ್ಜೂರದ ಮರಗಳ ನಡುವೆ ಮೊಣಕಾಲೆತ್ತರದ ಹಸಿರು ಮೇವು. ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದೆ. "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕುತ್ತ ಚೆಲ್ಲಿದೆ. ಹಿಂದೆ ಬರುವವರು "ಸಲಾಂಬ್ರಿಗೋ" ಅನ್ನಬೇಕು. ನೀರಿನ ತಂಬಿಗೆ ಹಿಡಿದ ಮೆಹಜಬೀನ ಇಡೀ ತೋಟಕ್ಕೆ ಕೇಳುವಂತೆ ಅಂದಳು.

"ಈಗರ ಉಣ್ಣು ಯಪ್ಪಾ."

"ಹೊಲ ಯಾರದವ್ವಾ?"

"ಈ ಅವ್ವಂದು." ಪಕ್ಕದಲ್ಲಿ ನಿಂತಿದ್ದ ನಾಸರನ ತಾಯಿಯನ್ನು ತೋರಿಸಿದೆ.

"ಮೊದಲ ಆಕಿ ಉಣ್ಣಲಿ. ಹೊಲದಾಕಿನ್ನ ಬಿಟ್ಟು ನಾ ಹೆಂಗ ಉಣ್ಲಿ?"

ಎಳ್ಳು ಹೋಳಿಗೆ ಕೊಟ್ಟೆ. ಆ ತಾಯಿ ಮುರಿದು ಒಂದು ತುಂಡು ತಾವು ತಿಂದು, ಇನ್ನೊಂದನ್ನು ನನ್ನ ಬಾಯಿಗಿಟ್ಟರು. ಬೇವೂರಿನಲ್ಲಿ ಅಪ್ಪ ರೊಟ್ಟಿ ಮುರಿದ. ಉಂಡ. ಎಷ್ಟು ಜನ ಸೇರಿ ನಮ್ಮಪ್ಪನಿಗೆ ಒಂದು ತುತ್ತು ಉಣಿಸಬೇಕಾಯಿತು!