ಕೆಳಗಿನ ದನಿ

ಅಕ್ಕಾ, ಕೈಕಾಲು ಗಟ್ಟಿಯಾಗಿವೆ, ಮನಸ್ಸೊಂದೇ ಕೂತಲ್ಲಿ ಕೂರುತ್ತಿಲ್ಲ. ಇಲ್ಲಿನ ಪ್ರಾರ್ಥನಾ ಮಂದಿರದಲ್ಲಿ ನಾವು ಹಾಡುವವರು ಮೂವರು. ನನ್ನದು ತಗ್ಗಿನ ದನಿ. ಹಳೆಯ ಪ್ರಾರ್ಥನೆಯ ಒಂದೊಂದು ಅಕ್ಷರವನ್ನೂ ಉಸಿರು ಮುಗಿಯುವವರೆಗೆ ಎಳೆದು ಹಿಡಿದಿರಬೇಕು. ಅದೇ ಹೊತ್ತಿಗೆ ಅದರ ಮೇಲೆ ಉಳಿದಿಬ್ಬರು ಏನು ಹಾಡುತ್ತಾರೆ ಗೊತ್ತೇ? ಒಬ್ಬನದು ಕಿಟಕಿ ತೆರೆಯದ ಹುಡುಗಿಯ ಮೇಲೆ ಮುನಿಸು, ಇನ್ನೊಬ್ಬನದು ಸಂತೆಗೆ ಬಂದ ಹೊಸ ಹೆಂಡದ ಗುಣಗಾನ. ಅದೂ ದೇವರೆದುರಿಗೆ! ಬೆಚ್ಚಿಬಿದ್ದು ಹಿರಿಯ ಗಾಯಕರನ್ನು ಕೇಳಿದೆ. "ಕೆಳಗೆ ನೀನು ಪ್ರಾರ್ಥನೆ ಹಿಡ್ಕೊಂಡಿದ್ದೀಯಲ್ಲ, ಮೇಲೆ ಏನಿದ್ರೂ ನಡೆಯುತ್ತೆ ಬಿಡಪ್ಪ" ಎಂದರು.

ಹೋದ ವಾರ ನನ್ನ ಗಂಟಲು ಕಟ್ಟಿತು. ನಾನಿಲ್ಲದೆ ಹಾಡೇ ನಿಂತುಹೋಗುತ್ತದೆ ಎಂದು ಒದ್ದಾಡಿದೆ. ಆ ಇಬ್ಬರೋ, ಎದುರಿನ ಹೋಟೆಲಿಗೆ ಹೋಗಿ, ಪ್ರಾರ್ಥನೆ ಬಿಟ್ಟು ಮೇಲಿನದನ್ನಷ್ಟೇ ಹಾಡಿದರು. ಜನ ಮೇಜು ಬಡಿದು ಮತ್ತೆ ಮತ್ತೆ ಹಾಡಿಸಿದರು. ನಾನೂ ಅವರ ಹಿಂದೆಯೇ ಹೋಗಿದ್ದೆ; ಪಕ್ಕದಲ್ಲಿ ಕೂತಿದ್ದ ದರ್ಜಿಯನ್ನು, "ಏನೋ ಕಮ್ಮಿ ಅನ್ನಿಸ್ತಾ?" ಎಂದು ಪಿಸುದನಿಯಲ್ಲಿ ಕೇಳಿದೆ.

"ಯಾಕೆ, ಇನ್ನೂ ಒಬ್ರು ಇದ್ರಾ?" ಎಂದ.

ಗಂಟಲು ಮೊನ್ನೆಯೇ ಸರಿಹೋಗಿದೆ, ಅಮ್ಮನಿಗೆ ಹೇಳು. ಇಲ್ಲಿ ಯಾರಿಗೂ ಹೇಳಿಲ್ಲ. ಕತ್ತಿಗೆ ಬಟ್ಟೆ ಸುತ್ತಿಕೊಂಡೇ ಹೋಟೆಲಿನ ಮೂಲೆಯಲ್ಲಿ ಕೂತು, ಆ ಕಿಟಕಿಯ ಹಾಡು ಕಲಿಯುತ್ತಿದ್ದೇನೆ. ಈ ಕಾರ್ಡು ಅಪ್ಪನ ಕೈಗೆ ಸಿಗದಂತೆ ನೋಡಿಕೋ. ಅಗೋ, ಶುರುಮಾಡಿದರು.

ನಿನ್ನ ತಮ್ಮ