ಮಾತು ನಿಂತವಳ ಕಿವಿಗೆ ಫೋನ್ ಹಿಡಿಸಿದ ಸುಧಾರಣೆ

ಆರೋಗ್ಯ ಸೇವಾ ಸುಧಾರಣಾ ಆಯೋಗದ ಅಧ್ಯಕ್ಷರಿಗೆ,

ಮಾನ್ಯರೇ,

ನಮ್ಮೂರಿನ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಬಾಗಿಲನ್ನು ನೀವು ಮುಚ್ಚಿಸಿದಿರಿ. ಮುಚ್ಚುವುದಿಲ್ಲ ಎಂದು ಪುರಭವನದಲ್ಲಿ ನಮ್ಮೆಲ್ಲರ ಎದುರು ನಿಂತು ಮಾತು ಕೊಟ್ಟವರೂ ನೀವೇ. ಆ ಮುಚ್ಚಿದ ಬಾಗಿಲಿನಿಂದಾಗಿ ನನ್ನ ಅಕ್ಕನ ಮಾತು ಹೋಯಿತು. ಇದನ್ನೆಲ್ಲ ನಿಮ್ಮ ಕಚೇರಿಗೆ ತಿಳಿಸದೆ ಪತ್ರಿಕೆಗೆ ಕೊಟ್ಟದ್ದೇಕೆ ಎಂದು ಕೇಳಬಹುದು. ಕಚೇರಿಗೂ ಬರೆದಿದ್ದೆ. ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ’ ಎಂಬ ಒಂದು ಸಾಲಿನ ಉತ್ತರ ಬಂತು. ಅಷ್ಟು ಅಮೂಲ್ಯವಾದದ್ದನ್ನು ನೀವೊಬ್ಬರೇ ಕಾಪಾಡುವುದು ಕಷ್ಟವಾದೀತೆಂದು ಊರಿಗೆಲ್ಲ ಹಂಚುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸುಧಾರಣೆಯ ವಿರೋಧಿಯಲ್ಲ. ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಕೂತು ಬೆಂಚು ಸವೆಸಿದ ಜನ ನಾವು. ಲಿಫ್ಟು ಕೆಟ್ಟಾಗ ರೋಗಿಯನ್ನು ಕುರ್ಚಿ ಸಮೇತ ಹೊತ್ತು ಮಹಡಿ ಹತ್ತಿದ್ದೇವೆ. ಎಕ್ಸ್‌ರೇ ಯಂತ್ರ ಇದ್ದಾಗ ನಡೆಸುವವರಿರಲಿಲ್ಲ, ನಡೆಸುವವರು ಬರುವಷ್ಟರಲ್ಲಿ ಯಂತ್ರ ಕೆಟ್ಟು ಕೂತಿತ್ತು. ನಮ್ಮ ತೆರಿಗೆಯಲ್ಲಿ ನಡೆಯುವ ಸೇವೆ ನಮಗೆ ನೆಟ್ಟಗೆ ಸಿಗಲಿ, ಇದನ್ನು ಸರಿಪಡಿಸಿ ಎಂದು ಅರ್ಜಿ ಹಿಡಿದು ಅಲೆದವರು ನಾವೇ. ಆದರೆ ಸೋರುವ ಸೂರು ರಿಪೇರಿ ಮಾಡಿ ಅಂತ ಕರೆದರೆ, ಬಂದವರು ಮನೆಗೇ ಬೀಗ ಜಡಿದು ‘ಇನ್ನು ಸೋರುವುದಿಲ್ಲ’ ಎಂದು ಕೈ ಕೊಡವಿಕೊಂಡು ಹೋಗುವುದು ಯಾವ ಸುಧಾರಣೆ?

ನೀವು ಎಲ್ಲಿಂದಲೋ ಬಂದ ಅಧಿಕಾರಿಯಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಬೈದು ಸುಮ್ಮನಾಗುತ್ತಿದ್ದೆವು. ಆದರೆ ಈ ಕುರ್ಚಿಗೆ ಬರುವ ಎಷ್ಟೋ ವರ್ಷ ಮೊದಲು ನೀವು ಇದೇ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರಾಗಿದ್ದಿರಿ. ನಮ್ಮ ಅಮ್ಮನ ಕೊನೆಯ ದಿನಗಳಲ್ಲಿ, ನಿಮ್ಮ ಪಾಳಿ ಮುಗಿದ ಮೇಲೂ, ಅವಳ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಿರಿ. ಅಮ್ಮ ತನ್ನ ನೋವು ಬಿಟ್ಟು ನಿಮ್ಮನ್ನೇ ವಿಚಾರಿಸುತ್ತಿದ್ದಳು: “ಏನಪ್ಪಾ, ಊಟ ಆಯ್ತಾ ನಿಂದು?” ನೀವು “ಆಯ್ತಮ್ಮಾ” ಅನ್ನುತ್ತಿದ್ದಿರಿ. ಆಗಿರುತ್ತಿರಲಿಲ್ಲ, ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನೀವು ನಮ್ಮ ಮನೆಯವರಿಗೆ ಹೇಳಿದ ಮೊದಲ ಸುಳ್ಳು ಅದು. ಇವತ್ತಿಗೂ ಅದನ್ನು ಪ್ರೀತಿಯಿಂದ ನೆನೆಯುತ್ತೇವೆ. ಎರಡನೆಯದನ್ನು ಹಾಗೆ ನೆನೆಯಲು ಆಗುತ್ತಿಲ್ಲ.

ಎರಡನೆಯದು ಪುರಭವನದ್ದು. ನಿಮ್ಮ ಆಯೋಗ ಬಂದ ದಿನ ಕೂರಲು ಜಾಗವಿರಲಿಲ್ಲ, ಕಿಟಕಿಗಳಲ್ಲೂ ಜನ. ತುರ್ತು ವಿಭಾಗ ಉಳಿಯುತ್ತದೋ ಇಲ್ಲವೋ ಅಂತ ಯಾರೋ ಕೇಳಿದರು. “ಆ ಬಾಗಿಲು ಮುಚ್ಚೋ ಪ್ರಶ್ನೆಯೇ ಇಲ್ಲ, ಇದು ನನ್ನ ಮಾತು” ಎಂದಿರಿ. ನಮ್ಮ ಪಕ್ಕದ ಮನೆಯ ಟ್ಯಾಕ್ಸಿಯವನು, ಬೀದಿಯೆಲ್ಲ ಅವನನ್ನು ಗಡಿಬಿಡಿ ಅಂತಲೇ ಕರೆಯುವುದು, ಹಿಂದಿನ ಸಾಲಿನಿಂದ ಕೂಗಿದ: “ಎಲ್ರೂ ಹಿಂಗೇ ಹೇಳೋದು, ಆಮೇಲೆ ಬೀಗ ಹಾಕೋದು!” ಗಲಾಟೆ ಎದ್ದಿತು. ಆಗ ನನ್ನ ಅಕ್ಕ ಎದ್ದು ನಿಂತಳು. ಅಕ್ಕ ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ, ಪ್ಲಾಟ್‌ಫಾರಂ ಮೈಕಿನಲ್ಲಿ ಹೇಳುವ ಕೆಲಸದವಳು. ಅವಳ ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತು. “ಸುಮ್ನೆ ಕೂತ್ಕೊಳೋ! ಇವ್ರು ನಮ್ಮ ಡಾಕ್ಟ್ರು. ನಮ್ಮಮ್ಮನ್ನ ಮಗನ ಥರ ನೋಡ್ಕೊಂಡವ್ರು. ಇವ್ರು ಮಾತಿಗೆ ತಪ್ಪೋರಲ್ಲ, ಅದಕ್ಕೆ ನಾನು ಜವಾಬ್ದಾರಿ” ಎಂದಳು. ಮೈಕು ಬೇಕಾಗಲಿಲ್ಲ. ಸಭೆ ತೆಪ್ಪಗಾಯಿತು, ಆಮೇಲೆ ಚಪ್ಪಾಳೆ ಬಿತ್ತು. ನೀವು ವೇದಿಕೆಯಿಂದಲೇ ಅವಳಿಗೆ ಕೈ ಮುಗಿದಿರಿ. ಆ ಚಪ್ಪಾಳೆ ನಿಮ್ಮದಲ್ಲ ಮಾನ್ಯರೇ, ಅದು ಅಕ್ಕನ ಹೆಸರಿನಲ್ಲಿ ನಿಮಗೆ ಸಿಕ್ಕ ಕಡ.

ಬೇಸಿಗೆ ಮುಗಿಯುವುದರೊಳಗೆ ಬಾಗಿಲು ಮುಚ್ಚಿತು. ಮುಚ್ಚಿತು ಎನ್ನುವ ಹಾಗಿಲ್ಲವಂತೆ. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಈ ಸುಧಾರಣೆಯ ಬಗ್ಗೆ ನಿಮ್ಮ ಆಯೋಗ ಹೊರಡಿಸಿದ ಕಿರುಹೊತ್ತಿಗೆ ಅಚ್ಚಾದದ್ದು ನಮ್ಮಲ್ಲೇ. ಅದರಲ್ಲಿ ‘ಮುಚ್ಚುವುದು’ ಎಂಬ ಶಬ್ದವೇ ಇಲ್ಲ. ‘ಸೇವೆಗಳ ಮರುಸಂಯೋಜನೆ’ ಇದೆ. ‘ದೂರವಾಣಿ ಆಧಾರಿತ ಪೂರ್ವಪರಿಶೀಲನೆ’ ಇದೆ. ರೋಗಿ ಎಂಬವನು ಮೂರನೇ ಪುಟದಲ್ಲೇ ‘ಬಳಕೆದಾರ’ನಾಗಿ ಬಡ್ತಿ ಪಡೆದಿದ್ದಾನೆ. ಕಾಗುಣಿತ ಮಾತ್ರ ಎಲ್ಲೂ ತಪ್ಪಿರಲಿಲ್ಲ. ಅರ್ಥವಾಗುವ ಕನ್ನಡದಲ್ಲಿ ಅದನ್ನು ಹೀಗೆ ಹೇಳಬಹುದು: ಜೀವಕ್ಕೆ ಆಪತ್ತು ಬಂದರೆ ಆಸ್ಪತ್ರೆಗೆ ಓಡಬೇಡಿ. ಮೊದಲು ಫೋನ್ ಮಾಡಿ. ಅತ್ತ ಕಡೆಯವರು ಪ್ರಶ್ನೆ ಕೇಳಿ ಒಂದು ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಇದ್ದರೆ ನೀವು ಕಾಯಿಲೆಯವರು, ಇಲ್ಲದಿದ್ದರೆ ದಾರಿಹೋಕರು.

ಅವತ್ತು ಅಕ್ಕನಿಗೆ ರಜೆ. ಮಧ್ಯಾಹ್ನ ಪಾತ್ರೆ ತೊಳೆಯುತ್ತ, ಕಿಟಕಿಯ ಕೊಂಡಿ ಇನ್ನೂ ಸರಿಮಾಡಿಲ್ಲ ಅಂತ ನನ್ನನ್ನು ಬೈಯುತ್ತಿದ್ದಳು. ಬೈಗುಳ ಮಧ್ಯದಲ್ಲೇ ನಿಂತಿತು. ಬೈಯುವುದನ್ನು ಅರ್ಧಕ್ಕೆ ಬಿಡುವವಳಲ್ಲ ನಮ್ಮಕ್ಕ; ಅದಕ್ಕೇ ತಿರುಗಿ ನೋಡಿದೆ. ತಟ್ಟೆ ಕೈಯಿಂದ ಜಾರಿ ಸಿಂಕಿಗೆ ಬಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. “ಏನಾಯ್ತೇ ಅಕ್ಕಾ?” ಅಂದರೆ ಏನೇನೋ ಶಬ್ದ ಬಂತು, ಒಂದೂ ಮಾತಾಗಲಿಲ್ಲ. ಗಡಿಬಿಡಿಯನ್ನು ಕೂಗಿದೆ. ಅವನು ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದು ಗಾಡಿ ತೆಗೆದ. ಆಸ್ಪತ್ರೆ ನಮ್ಮ ಬೀದಿ ದಾಟಿ ಎಡಕ್ಕೆ ತಿರುಗಿದರೆ ಸಿಗುತ್ತದೆ. ಹುಟ್ಟಿದಾಗಿನಿಂದ ತಿರುಗಿದ ತಿರುವು, ಮರುಸಂಯೋಜನೆಯೆಲ್ಲ ಮರೆತು ಅಲ್ಲಿಗೇ ಹೋದೆವು.

ಗಾಜಿನ ಬಾಗಿಲಿಗೆ ಬೀಗ. ಕಾವಲುಗಾರ ಪಾಪ ಒಳ್ಳೆಯವನು, ತನ್ನ ಕುರ್ಚಿ ತಂದು ಅಕ್ಕನನ್ನು ಕೂರಿಸಿದ. “ಒಳಗೆ ಡಾಕ್ಟ್ರಿಲ್ಲ ಸಾರ್, ದೊಡ್ಡಾಸ್ಪತ್ರೆಗೇ ಹೋಗ್ಬೇಕು. ಅಲ್ಲೂ ನಂಬರ್ ಇಲ್ದೆ ಸೇರಿಸ್ಕೊಳಲ್ಲ. ಫೋನ್ ಮಾಡ್ಬಿಡಿ” ಎಂದ. ಮಾಡಿದೆ. ಸಂಗೀತ ಕೇಳಿಸಿದರು. ನಂತರ ಒಂದು ಹೆಣ್ಣುದನಿ ಬಂತು.

“ನೀವೇ ರೋಗಿನಾ ಸರ್?”

“ಅಲ್ಲಮ್ಮ, ನಮ್ಮಕ್ಕ. ಬಾಯಿ ಸೊಟ್ಟ ಆಗಿದೆ, ಬಲಗೈ ಎತ್ತೋಕಾಗ್ತಿಲ್ಲ, ಮಾತು ಹೋಗಿದೆ.”

“ಅವ್ರಿಗೇ ಫೋನ್ ಕೊಡಿ ಸರ್. ವಯಸ್ಕರಾದ್ರೆ ಅವ್ರೇ ಒಪ್ಪಿಗೆ ಹೇಳ್ಬೇಕು, ರೆಕಾರ್ಡ್ ಆಗುತ್ತೆ.”

“ಮಾತೇ ಹೋಗಿದೆ ಅಂತಿದೀನಲ್ಲಮ್ಮಾ!”

“ಅರ್ಥ ಆಗುತ್ತೆ ಸರ್. ಒಂದು ಸಲ ‘ಹೌದು’ ಅಂದ್ರೂ ಸಾಕು.”

ಅಕ್ಕನ ಕಿವಿಗೆ ಫೋನ್ ಹಿಡಿದೆ. ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು, ಕಣ್ಣು ಹೇಳುತ್ತಿತ್ತು. ಕುತ್ತಿಗೆಯ ನರ ಉಬ್ಬಿಸಿ, ಬೆವರಿಳಿಸಿ, ಕೊನೆಗೊಂದು ಶಬ್ದ ಹೊರಡಿಸಿದಳು: “ಗಾ... ಗಾಡಿ.” ಬದುಕಿಡೀ ಅತಿ ಹೆಚ್ಚು ಸಲ ಹೇಳಿದ ಶಬ್ದವೇ ಬಾಯಿಗೆ ಬಂದಿರಬೇಕು. ಅತ್ತಲಿಂದ ಉತ್ತರ ಬಂತು: “ಆಂಬುಲೆನ್ಸ್ ಬೇಕಾ ಮೇಡಂ? ಅದು ಬೇರೆ ವಿಭಾಗ, ಲೈನಲ್ಲಿರಿ.” ಮತ್ತೆ ಸಂಗೀತ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮುಂದೆ ನೀವಿಟ್ಟ ಪ್ರಶ್ನೆಗಳನ್ನು ಅವಳು ಓದಿದಳು. ಬಾಯಿ ಬಿದ್ದುಹೋದವರಿಗೆ ಬಾಯಿ ಬಿಡಿ ಎನ್ನುವ ಪ್ರಶ್ನೆ ಬರೆದ ಮಹಾಶಯರು ಯಾರು? ಅದಕ್ಕೆ ಸಹಿ ಹಾಕಿದ ವೈದ್ಯರು ಯಾರು?

ಗಡಿಬಿಡಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು “ನಂಬರ್ ಮನೆ ಹಾಳಾಗ, ಹತ್ತು” ಎಂದ. ದೊಡ್ಡಾಸ್ಪತ್ರೆ ಇರುವ ನಗರಕ್ಕೆ ಹೋಗುವ ರಸ್ತೆಯೂ ಸುಧಾರಣೆಯಾಗುತ್ತಿತ್ತು, ಅರ್ಧ ಅಗೆದಿದ್ದರು. “ನಾನು ಅವತ್ತೇ ಹೇಳಿರ್ಲಿಲ್ವಾ” ಅಂತ ಅವನು ಅಂದಾನು ಎಂದು ದಾರಿಯುದ್ದಕ್ಕೂ ಕಾದೆ. ಅನ್ನಲಿಲ್ಲ. ಕನ್ನಡಿಯಲ್ಲಿ ಅಕ್ಕನ ಮುಖ ನೋಡುತ್ತ “ಇನ್ನೇನು ಬಂತಕ್ಕಾ, ಇನ್ನೇನು ಬಂತು” ಅನ್ನುತ್ತಲೇ ಇದ್ದ. ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಅಲ್ಲಿ ಸಂಖ್ಯೆ ಕೇಳಿದರು, ಜಗಳವಾಡಿ ಒಳಗೆ ಹೋದೆವು. ಸ್ಕ್ಯಾನ್ ನೋಡಿದ ಯುವ ವೈದ್ಯೆ ನನ್ನನ್ನು ಗೋಡೆಯ ಪಕ್ಕಕ್ಕೆ ಕರೆದಳು. “ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆ. ಆದ್ರೆ ಅದಕ್ಕೊಂದು ಹೊತ್ತಿದೆ, ಅದು ದಾಟಿಹೋಗಿದೆ. ಇನ್ನೂ ಸ್ವಲ್ಪ ಮುಂಚೆ...” ಎಂದು ನಿಲ್ಲಿಸಿ, “ಕ್ಷಮಿಸಿ” ಎಂದಳು. ನಿಮ್ಮ ಇಡೀ ಇಲಾಖೆಯಿಂದ ನನಗೆ ಸಿಕ್ಕ ಕ್ಷಮಾಪಣೆ ಅದೊಂದೇ. ಅದೂ ತಪ್ಪು ಮಾಡದವಳಿಂದ.

ಅಕ್ಕ ಬದುಕಿದ್ದಾಳೆ. ಗೋಡೆ ಹಿಡಿದು ನಡೆಯುತ್ತಾಳೆ. ಒಂದೇ ಒಂದು ಮಾತು ಸಲೀಸಾಗಿ ಬರುತ್ತದೆ: ‘ಬೇಡ’. ಬೇಕಾದರೂ ಬೇಡ, ಬೇಡವಾದರೂ ಬೇಡ. ನೀರು ಬೇಕೆಂದು “ಬೇಡ” ಅನ್ನುತ್ತಾಳೆ, ಅಂದ ಮೇಲೆ ತಪ್ಪಾಯಿತೆಂದು ತಿಳಿದು ಅಳುತ್ತಾಳೆ, ಕೆಲವೊಮ್ಮೆ ನಗುತ್ತಾಳೆ. ನಿಲ್ದಾಣದ ಕೆಲಸ ಹೋಯಿತು. ಮಾತು ಕಲಿಸುವವರು ವಾರಕ್ಕೊಮ್ಮೆ ಬರುತ್ತಿದ್ದರು, ಅವರ ಹುದ್ದೆಯೂ ಮರುಸಂಯೋಜನೆಗೊಂಡಿತು. ಈಗ ನಾನೇ ಸಂಜೆ ಹೊತ್ತು ಅಕ್ಷರ ಹೇಳಿಸುತ್ತೇನೆ. ಮೊನ್ನೆ ಪತ್ರಿಕೆಯಲ್ಲಿ ನಿಮಗೆ ಸನ್ಮಾನವಾದ ಚಿತ್ರ ಬಂದಿತ್ತು. ಮುಚ್ಚಿಡಲು ನೋಡಿದೆ, ಅವಳು ಕಸಿದುಕೊಂಡಳು. ನಿಮ್ಮ ಮುಖದ ಮೇಲೆ ಎಡಗೈ ಬೆರಳಿಟ್ಟಳು. ಆಮೇಲೆ ನನ್ನ ಕಡೆ ನೋಡಿ, ಯಾಕೆ ಅನ್ನುವ ಹಾಗೆ ಕೈ ತಿರುಗಿಸಿದಳು. ಉತ್ತರ ನಿಮ್ಮ ಹತ್ತಿರ ಇರಬೇಕು.

ದೇಶದ ಒಟ್ಟಾರೆ ಅಂಕಿಅಂಶ ಸುಧಾರಿಸಿದೆ ಎನ್ನುತ್ತೀರಿ. ಇರಬಹುದು. ಬಾಗಿಲು ಮುಚ್ಚಿದ ಮೇಲೆ ಆ ಬಾಗಿಲಲ್ಲಿ ಕಾಯುವವರ ಸಂಖ್ಯೆ ಇಳಿಯದೆ ಏನು ಮಾಡೀತು? ಸಾರ್ವಜನಿಕ ಸೇವೆ ಎಂದರೆ ಕೇಳುವ ಮೊದಲೇ ಇರುವಂಥದ್ದು. ಬಿದ್ದವನು ತಾನು ಬಿದ್ದಿದ್ದೇನೆಂದು ಸಾಬೀತು ಮಾಡಿದ ಮೇಲೆ ಎತ್ತುವುದಾದರೆ, ಅದಕ್ಕೆ ಸೇವೆ ಎಂಬ ಹೆಸರೇಕೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಆ ಬಾಗಿಲು ತೆರೆಯಿರಿ. ಒಳಗೆ ಒಬ್ಬ ವೈದ್ಯರು, ಒಂದು ಸ್ಕ್ಯಾನ್ ಯಂತ್ರ, ಅದನ್ನು ನಡೆಸುವ ಒಬ್ಬರು ಇರಲಿ. ಬಂದವರನ್ನು ಮೊದಲು ಕಣ್ಣಿಂದ ನೋಡಲಿ, ಪ್ರಶ್ನೆ ಆಮೇಲೆ ಕೇಳಲಿ. ಇನ್ನೊಂದು: ಮುಂದಿನ ತಿಂಗಳು ನಿಮ್ಮ ಆಯೋಗದ ಬಹಿರಂಗ ವಿಚಾರಣೆ ಇದೆ. ಮಾತಾಡಲು ಹೆಸರು ಕೊಟ್ಟವರಲ್ಲಿ ನನ್ನ ಅಕ್ಕನೂ ಇದ್ದಾಳೆ. ಬೇಡ ಕಣೇ ಅಂದೆ, ಅವಳೂ “ಬೇಡ” ಅಂದಳು, ಆದರೆ ಎದ್ದು ಹೋಗಿ ಸೀರೆ ತೆಗೆದಿಟ್ಟಳು. ಒಂದು ವಾಕ್ಯ ಅಭ್ಯಾಸ ಮಾಡುತ್ತಿದ್ದಾಳೆ. ಅದು ಏನೆಂದು ನನಗೂ ಬಿಟ್ಟುಕೊಟ್ಟಿಲ್ಲ. ನಾನು ಬಂದರೆ ನಿಲ್ಲಿಸಿಬಿಡುತ್ತಾಳೆ. ಪ್ರತಿಯೊಬ್ಬರಿಗೂ ಇಂತಿಷ್ಟೇ ಹೊತ್ತು ಎಂಬ ನಿಯಮ ನಿಮ್ಮದು. ಅವಳ ಸರದಿ ಬಂದಾಗ ಗಂಟೆ ಒತ್ತಬೇಡಿ, ಗಡಿಯಾರ ನೋಡಬೇಡಿ, ಅವಳ ವಾಕ್ಯವನ್ನು ನೀವು ಮುಗಿಸಲು ಹೋಗಬೇಡಿ. ಎಷ್ಟೇ ಹೊತ್ತಾಗಲಿ, ಕೂತು ಕೇಳಿ.

ಇಂತಿ,
ನಿಮ್ಮ ಗೌರವಕ್ಕೆ ಪಾತ್ರನಾಗುವ ಆಸೆ ಬಿಟ್ಟು, ಉತ್ತರದ ಆಸೆ ಇನ್ನೂ ಬಿಡಲಾಗದ,
ಅವಳ ತಮ್ಮ